ಪರಂಗಿಯ ‘ಬೆರಕೆ’: ಹಣ್ಣಿಗೋ, ಬೀಜಕ್ಕೋ?

ಗೆಳೆಯರೇ,

ಮಂಡ್ಯದ ಕಡೆಯ ರೈತರಿಗಾಗಿ ಕುಲಾಂತರಿ, ಅಂದರೆ ಹೊರಗಿನ ಜೀನ್ (ವಂಶವಾಹಿ) ಸೇರಿಸಿದ, ಹಣ್ಣಿನ ಬೆಳೆಗಳ ಬಗ್ಗೆ ಎರಡು ಪುಟ ಬರೆಯುತ್ತಿದ್ದೇನೆ. ಒಂದು ಪದ ಕಾಡುತ್ತಿದೆ. ಕುಲಾಂತರಿ ಗಿಡದ ಜೀನ್ ಯಾರಿಗೂ ಬೇಡದಿದ್ದರೂ ಪಕ್ಕದ ತೋಟದ ಮಾಮೂಲಿ ಗಿಡದ ಬೀಜಕ್ಕೆ ಸೇರಿಬಿಡುತ್ತದಲ್ಲ, ಅದಕ್ಕೆ ಏನನ್ನೋಣ?

ಮೊದಲು ‘ವಂಶವಾಹಿ ಹರಿವು’ ಅಂತ ಬರೆದೆ. ನಾಲೆ ಸೀಮೆಯಲ್ಲಿ ಹರಿವು ಅಂದರೆ ನೀರು. ಬೇಡವಾದರೆ ತೂಬು ಮುಚ್ಚಿದರಾಯಿತು. ಪರಾಗಕ್ಕೆ ತೂಬು ಎಲ್ಲಿದೆ? ‘ಮಾಲಿನ್ಯ’ ಅಂದರೆ ವಿಷಯ ಹೇಳುವ ಮೊದಲೇ ತೀರ್ಪು ಕೊಟ್ಟಂತೆ. ‘ಕಲಬೆರಕೆ’ಯಲ್ಲಿ ಮೋಸದ ವಾಸನೆ ಇದೆ, ಹಾಲಿಗೆ ನೀರು ಹಾಕಿದ ಹಾಗೆ. ಇಲ್ಲಿ ಕೆಲಸ ಗಾಳಿಯದ್ದು, ಹುಳದ್ದು.

ಉಳಿದದ್ದು ‘ಬೆರಕೆ’. ಬೀಜದ ಭತ್ತದ ಗದ್ದೆಯಲ್ಲಿ ಬೆರಕೆ ಗಿಡ ಕೀಳುವುದು ನಮ್ಮವರಿಗೆ ಗೊತ್ತಿರುವ ಕೆಲಸವೇ. ಮನುಷ್ಯರಿಗೆ ಅಂದರೆ ಬೈಗುಳ, ನಿಜ. ಆದರೆ ಬೆರಕೆ ಸೊಪ್ಪಿನ ಸಾರು ಅಂದರೆ ಯಾರೂ ಮುಖ ಸಿಂಡರಿಸುವುದಿಲ್ಲ, ಅಲ್ವಾ? ತೊಡಕು ಏನೆಂದರೆ, ಭತ್ತದ ಬೆರಕೆ ಎತ್ತರ, ತೆನೆ ನೋಡಿದರೆ ಗೊತ್ತಾಗುತ್ತದೆ. ಈ ಬೆರಕೆ ಕಣ್ಣಿಗೆ ಬೀಳುವುದಿಲ್ಲ, ಪರೀಕ್ಷೆಯೇ ಆಗಬೇಕು.

ಇನ್ನೊಂದು ಸೂಕ್ಷ್ಮ ಇದೆ. ಹವಾಯಿಯಲ್ಲಿ ಉಂಗುರ ಚುಕ್ಕೆ ರೋಗ ತಡೆಯುವ ಕುಲಾಂತರಿ ಪರಂಗಿ 1998ರಲ್ಲಿ ರೈತರ ಕೈಗೆ ಬಂತು. ರೈನ್‌ಬೋ, ಸನ್‌ಅಪ್ ಅಂತ ಎರಡು ತಳಿ. ಆಮೇಲೆ ಅಲ್ಲಿನ ಸಾವಯವ ತೋಟಗಳ ಪರಂಗಿ ಬೀಜದಲ್ಲೂ ಆ ಜೀನ್ ಸಿಕ್ಕಿತು. ಹೊರಗಿನ ಪರಾಗ ಬಿದ್ದರೂ ಹಣ್ಣಿನ ತಿರುಳು ತಾಯಿಗಿಡದ್ದೇ. ಬದಲಾಗುವುದು ಒಳಗಿನ ಬೀಜ. ಹಾಗಾಗಿ ‘ಬೆರಕೆ ಹಣ್ಣು’ ಅಂದರೆ ತಪ್ಪು. ಹೆಣ್ಣು ಗಿಡಕ್ಕೆ ಈ ಅಪಾಯ ಜಾಸ್ತಿ, ಏಕೆಂದರೆ ಅದರ ಕಾಯಿಯಲ್ಲಿ ಬೀಜ ಕಟ್ಟಲು ಬೇರೆ ಗಿಡದ ಪರಾಗವೇ ಬೇಕು. ಗಂಡು ಹೆಣ್ಣು ಎರಡೂ ಭಾಗ ಇರುವ ಹೂವು ಬಹುಪಾಲು ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ನಂಜನಗೂಡಿನ ರಸಬಾಳೆಗೆ ಈ ಭಯವೇ ಇಲ್ಲ. ಅದನ್ನು ಕಂದು ನೆಟ್ಟು ಬೆಳೆಸುತ್ತೇವೆ, ಬೀಜದಿಂದಲ್ಲ.

ಪರಾಗ ಒಂದೇ ದಾರಿಯೂ ಅಲ್ಲ. ತಿಂದ ಹಣ್ಣಿನ ಬೀಜ ಒಣಗಿಸಿ ಹಿತ್ತಲಲ್ಲಿ ಹಾಕಿದರೂ ಅಷ್ಟೇ, ನರ್ಸರಿಯಲ್ಲಿ ಬೀಜ ಅದಲುಬದಲಾದರೂ ಅಷ್ಟೇ.

ಪರಾಗದಿಂದ ಆದದ್ದಕ್ಕೆ ‘ಪರಾಗಬೆರಕೆ’, ಕೈತಪ್ಪಿ ಆದದ್ದಕ್ಕೆ ‘ಬೀಜಬೆರಕೆ’ ಅಂತ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ‘ಪರಾಗಬೆರಕೆ’ ಸ್ವಲ್ಪ ಪುಸ್ತಕದ್ದು ಅನ್ನಿಸುತ್ತದೆ. ನಿಮ್ಮ ಊರಲ್ಲಿ ಜೋಳಕ್ಕೋ ಕುಂಬಳಕ್ಕೋ ಹೀಗೆ ಬೇರೆ ತಳಿ ಸೇರಿದರೆ ಏನನ್ನುತ್ತಾರೆ?