ಚಳಿಗೆ ಹೆಪ್ಪುಗಟ್ಟಿದ ಡೈಬ್ಯುಟೈಲ್‌ಟಿನ್ ಡೈಲಾರೇಟ್ ಬಳಸಬಹುದೇ?

ಪ್ರಶ್ನೆ (ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು)

ಟ್ರಾಲಿಗಳಿಗೆ ಹಾಕುವ ಪಾಲಿಯುರೆಥೇನ್ ಗಾಲಿಗಳನ್ನು ಎರಕ ಹೊಯ್ಯುವ ಸಣ್ಣ ಘಟಕವೊಂದನ್ನು ನಡೆಸುತ್ತಿದ್ದೇನೆ. ವೇಗವರ್ಧಕವಾಗಿ ನಾವು ಬಳಸುವುದು ತವರದ ಸಂಯುಕ್ತವಾದ ಡೈಬ್ಯುಟೈಲ್‌ಟಿನ್ ಡೈಲಾರೇಟ್; ನಮ್ಮ ಹುಡುಗರ ಬಾಯಲ್ಲಿ ಅದು ಬರೀ ‘ಟಿನ್’. ತಿಳಿಹಳದಿ ಎಣ್ಣೆಯಂತಿರಬೇಕಾದ ಈ ದ್ರವ ಕಳೆದ ವಾರದ ಬೆಳಗಿನ ಚಳಿಗೆ ಕ್ಯಾನಿನ ತಳದಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ, ಮೇಲೆ ಎರಡು ಬೆರಳಿನಷ್ಟು ಮಾತ್ರ ತಿಳಿಯಾಗಿ ಉಳಿದಿತ್ತು. ಹುಡುಗರು ಆ ತಿಳಿಯನ್ನೇ ಅಳೆದು ಹಾಕಿದರು. ಮಿಶ್ರಣ ಗಟ್ಟಿಯಾಗಲು ತಡವಾಯಿತೆಂದು ಮುಂದಿನ ಸರದಿಗೆ ಅಳತೆಯನ್ನು ಎರಡು ಪಟ್ಟು ಮಾಡಿದರು. ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಚ್ಚಿಗೆ ಹೊಯ್ಯುವ ಮೊದಲೇ ಎಲ್ಲವೂ ಬಕೆಟ್ಟಿನಲ್ಲೇ ಕಲ್ಲಾಯಿತು, ಕಲಕುವ ಕೋಲು ಈಗಲೂ ಅದರಲ್ಲಿ ನೆಟ್ಟಗೆ ನಿಂತಿದೆ. ಮಾಲು ಕೆಟ್ಟಿದೆಯೇ? ಜೊತೆಗೆ, ಯುರೋಪಿಗೆ ರಫ್ತು ಮಾಡುವ ಗಿರಾಕಿಯೊಬ್ಬರು ಗಾಲಿಯಲ್ಲಿ ತವರದ ಪ್ರಮಾಣ ಎಷ್ಟೆಂದು ಕೇಳಿದ್ದಾರೆ, ಏನೆಂದು ಬರೆದುಕೊಡಲಿ?

ಉತ್ತರ 1 (ರಸಾಯನಶಾಸ್ತ್ರ ಅಧ್ಯಾಪಕ, ಮೈಸೂರು)

ಕೆಟ್ಟಿಲ್ಲ. ಈ ಸಂಯುಕ್ತದ ಕರಗುವ ಬಿಂದು ಸುಮಾರು 22ರಿಂದ 24 ಡಿಗ್ರಿ ಸೆಲ್ಸಿಯಸ್, ಆದ್ದರಿಂದ ಡಿಸೆಂಬರಿನಲ್ಲಿ ನಮ್ಮ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವ ದಿನವೇ ಇದೂ ಹೆಪ್ಪುಗಟ್ಟುತ್ತದೆ. ಇವೆರಡಕ್ಕೂ ನಂಟಿಲ್ಲದೆ ಇಲ್ಲ: ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಿರುವ ಲಾರಿಕ್ ಆಮ್ಲವೇ ಇಲ್ಲಿ ಲಾರೇಟ್ ರೂಪದಲ್ಲಿ ತವರದ ಪರಮಾಣುವಿಗೆ ಎರಡು ಕಡೆ ಅಂಟಿಕೊಂಡಿದೆ. ಉಳಿದೆರಡು ಕೈಗಳಲ್ಲಿ ಬ್ಯುಟೈಲ್ ಗುಂಪುಗಳಿವೆ. ಈ ಬ್ಯುಟೈಲ್ ಇಂಗಾಲ ತವರಕ್ಕೆ ನೇರವಾಗಿ ಕೂಡಿಕೊಂಡಿರುವುದರಿಂದಲೇ ಇದು ಸಾವಯವ ತವರ ಸಂಯುಕ್ತ. ಫೋಮ್ ಹಾಸಿಗೆಯವರು ಬಳಸುವ ಸ್ಟಾನಸ್ ಆಕ್ಟೋಯೇಟ್‌ನಲ್ಲಿ ಅಂಥ ಬಂಧವಿಲ್ಲ, ಆದರೂ ಎರಡನ್ನೂ ‘ಟಿನ್’ ಎಂದೇ ಕರೆದು ಗೊಂದಲ ಮಾಡಿಕೊಳ್ಳುವವರಿದ್ದಾರೆ.

ಕ್ಯಾನಿನ ಮುಚ್ಚಳ ಬಿಗಿಮಾಡಿ 40 ಡಿಗ್ರಿಯ ಆಸುಪಾಸಿನ ಬಿಸಿನೀರಿನಲ್ಲಿ ನಿಲ್ಲಿಸಿ, ಪೂರ್ತಿ ಕರಗಿದ ಮೇಲೆ ಚೆನ್ನಾಗಿ ಕುಲುಕಿ ಬಳಸಿರಿ. ಒಲೆಯ ಮೇಲಿಡಬೇಡಿ, ನೀರು ಒಳಗೆ ಹೋಗಲು ಬಿಡಬೇಡಿ. ಪಾಲಿಯುರೆಥೇನಿನ ಎರಡು ಮೂಲದ್ರವ್ಯಗಳಲ್ಲಿ ಒಂದಾದ ಐಸೊಸಯನೇಟ್ ನೀರಿನೊಂದಿಗೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹೊರಬಂದು ನಿಮ್ಮ ಗಾಲಿಯೊಳಗೆ ಗುಳ್ಳೆಗಳೇಳುವುದಲ್ಲದೆ, ಇನ್ನೊಂದು ಮೂಲದ್ರವ್ಯವಾದ, ನೀರಿನಂಶವಿರುವ ಪಾಲಿಯಾಲ್‌ನಲ್ಲಿ ಬೆರೆಸಿಟ್ಟ ಡೈಲಾರೇಟ್ ದಿನ ಕಳೆದಂತೆ ನೀರಿನಿಂದ ಒಡೆದು ಶಕ್ತಿ ಕಳೆದುಕೊಳ್ಳುತ್ತದೆ.

ಇನ್ನು ಬೆಳಗಿನ ವಿಳಂಬದ ವಿಷಯ. ನನ್ನ ಅಂದಾಜಿನಲ್ಲಿ ಅಲ್ಲಿ ತಣ್ಣಗಿದ್ದದ್ದು ಟಿನ್ ಮಾತ್ರವಲ್ಲ, ಪಾಲಿಯಾಲ್ ಪೀಪಾಯಿಯೂ ತಣ್ಣಗಿತ್ತು. ಪಾಲಿಯಾಲ್‌ನ ಹೈಡ್ರಾಕ್ಸಿಲ್ ಗುಂಪು ಐಸೊಸಯನೇಟಿನೊಂದಿಗೆ ಕೂಡಿಕೊಳ್ಳುವುದನ್ನು ತವರ ಚುರುಕುಗೊಳಿಸುತ್ತದೆಯೇ ಹೊರತು ಚಳಿಯನ್ನು ಕಳೆಯುವುದಿಲ್ಲ. ಆ ಕೂಡಿಕೆ ಸ್ವತಃ ಶಾಖ ಬಿಡುವಂಥದ್ದು. ಬಕೆಟ್ಟಿನಲ್ಲಿ ರಾಶಿಯಾಗಿದ್ದಾಗ ಶಾಖ ಹೊರಹೋಗದೆ ವೇಗ ತಾನಾಗಿ ಏರುತ್ತದೆ. ಎರಡು ಪಟ್ಟು ಟಿನ್ ಮತ್ತು ಮಧ್ಯಾಹ್ನದ ಸೆಕೆ ಸೇರಿದರೆ ಕೋಲು ನಿಲ್ಲದೆ ಇನ್ನೇನಾದೀತು! ಅಳತೆಯನ್ನು ಹಳೆಯದಕ್ಕೇ ಇಳಿಸಿ, ಪಾಲಿಯಾಲನ್ನು ಬೆಚ್ಚಗಿಡಿ.

ಉತ್ತರ 2 (ಪಿವಿಸಿ ಪೈಪು ತಯಾರಿಕೆ, ಮಂಡ್ಯ)

ಕಬ್ಬಿನ ಗದ್ದೆಗಳಿಗೆ ಹೋಗುವ ಪೈಪು ನಮ್ಮದು. ನಮಗೆ ತವರದ ಸಂಯುಕ್ತಗಳು ಬೇಕಾಗುವುದು ವೇಗಕ್ಕಲ್ಲ, ತಡೆಗೆ. ಪಿವಿಸಿಯನ್ನು 180 ಡಿಗ್ರಿಯ ಸುಮಾರಿಗೆ ಕಾಯಿಸಿದಾಗ ಹೈಡ್ರೋಜನ್ ಕ್ಲೋರೈಡ್ ಬಿಟ್ಟು ಮೊದಲು ಹಳದಿಗೆ, ಆಮೇಲೆ ಕಂದಿಗೆ ತಿರುಗುತ್ತದೆ. ತವರದ ಸ್ಥಿರಕಾರಿ ಆ ಆಮ್ಲವನ್ನು ಹಿಡಿದುಕೊಳ್ಳುತ್ತದೆ. ಗಂಧಕವಿರುವ ಮರ್ಕ್ಯಾಪ್ಟೈಡ್ ಬಗೆ ಶಾಖಕ್ಕೆ ಹೆಚ್ಚು ತಾಳುತ್ತದೆ, ಆದರೆ ಅದರ ವಾಸನೆ ಸಂಜೆಯಾದರೂ ಅಂಗಿ ಬಿಡುವುದಿಲ್ಲ. ಲಾರೇಟ್ ಬಗೆ ಶಾಖ ತಡೆಯುವುದರಲ್ಲಿ ಹಿಂದೆ, ಮೆತ್ತಗಿನ ಪಾರದರ್ಶಕ ಮಾಲಿಗೆ ಒಗ್ಗುತ್ತದೆ. ಸೀಸದ ಸ್ಥಿರಕಾರಿಗಳನ್ನು ಕೈಬಿಡಬೇಕೆಂಬ ಕೇಂದ್ರದ ನಿಯಮ 2021ರಲ್ಲಿ ಬಂದ ಮೇಲೆ ತವರ ಮತ್ತು ಕ್ಯಾಲ್ಸಿಯಂ-ಜಿಂಕ್ ಎರಡರ ಮಾತೂ ಈ ಕಡೆ ಹೆಚ್ಚಾಗಿದೆ.

ಉತ್ತರ 3 (ಕಾರ್ಖಾನೆ ಸುರಕ್ಷತೆ, ನಂಜನಗೂಡು)

ಗಿರಾಕಿಯ ಪ್ರಶ್ನೆಗೆ ಲೆಕ್ಕ ಸುಲಭ. ಗ್ರಾಹಕ ವಸ್ತುಗಳಲ್ಲಿ ಡೈಬ್ಯುಟೈಲ್‌ಟಿನ್ ಸಂಯುಕ್ತಗಳು ತವರದ ಲೆಕ್ಕದಲ್ಲಿ ವಸ್ತುವಿನ ತೂಕದ ಶೇಕಡಾ 0.1 ಮೀರಬಾರದೆಂಬ ಯುರೋಪಿನ ನಿರ್ಬಂಧ 2012ರಿಂದ ಇದೆ. ಡೈಲಾರೇಟಿನ ಅಣುತೂಕ 631.6, ಅದರಲ್ಲಿ ತವರ 118.7, ಅಂದರೆ ಶೇಕಡಾ 18.8. ನೂರು ಕಿಲೋ ಮಿಶ್ರಣಕ್ಕೆ 50 ಗ್ರಾಂ ಹಾಕಿದರೆ ತವರ 9.4 ಗ್ರಾಂ, ಶೇಕಡಾ 0.0094, ಮಿತಿಯ ಹತ್ತನೇ ಒಂದಕ್ಕಿಂತ ಕಡಿಮೆ. ನಿಮ್ಮ ನಿಜವಾದ ಅಳತೆ ಹಾಕಿ ಇದೇ ರೀತಿ ತೋರಿಸಿರಿ.

ಗಾಲಿಗಿಂತ ನನಗೆ ಚಿಂತೆ ಕ್ಯಾನಿನದು. ಇದು ಚರ್ಮವನ್ನು ಸುಡುತ್ತದೆ, ರೋಗನಿರೋಧಕ ವ್ಯವಸ್ಥೆಗೆ ಮತ್ತು ಗರ್ಭದ ಶಿಶುವಿಗೆ ಹಾನಿಕರವೆಂದು ವರ್ಗೀಕರಿಸಲಾಗಿದೆ. ನೈಟ್ರೈಲ್ ಕೈಗವಸು, ಕನ್ನಡಕ ಕಡ್ಡಾಯ. ಗರ್ಭಿಣಿಯರನ್ನು ಆ ಮೇಜಿಗೆ ಹಾಕಲೇಬೇಡಿ. ಕ್ಯಾನು ತೊಳೆದ ದ್ರಾವಕ ಚರಂಡಿಗೆ ಹೋಗಕೂಡದು. ಇದರ ಸೋದರ ಟ್ರೈಬ್ಯುಟೈಲ್‌ಟಿನ್ ಹಡಗಿನ ತಳದ ಬಣ್ಣದಿಂದ ಸಮುದ್ರಕ್ಕಿಳಿದು ಹೆಣ್ಣು ಬಸವನಹುಳುಗಳಿಗೆ ಗಂಡಿನ ಅಂಗ ಮೂಡಿಸಿತ್ತು; ಅಂಥ ಬಣ್ಣವನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಗಿ 2008ರಲ್ಲಿ ಜಾರಿಗೆ ಬಂತು. ತವರವೇ ಬೇಡವೆನ್ನುವ ಗಿರಾಕಿಗೆ ಬಿಸ್ಮತ್ ವೇಗವರ್ಧಕಗಳಿವೆ, ಆದರೆ ಅಳತೆಯನ್ನೂ ಸಮಯವನ್ನೂ ಮೊದಲಿನಿಂದ ಹೊಂದಿಸಿಕೊಳ್ಳಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟೆವು, ತಳದ ಬಿಳುಪೆಲ್ಲ ಕರಗಿ ಒಂದೇ ಬಣ್ಣಕ್ಕೆ ಬಂತು. ಹಳೆಯ ಅಳತೆಗೇ ಇಂದು ಹೊಯ್ದ ಆರು ಗಾಲಿಗಳು ಸರಿಯಾಗಿ ಕೂತಿವೆ. ನಾಳೆಯಿಂದ ಪಾಲಿಯಾಲ್ ಪೀಪಾಯಿಯನ್ನು ರಾತ್ರಿ ಓವನ್ನಿನ ಪಕ್ಕಕ್ಕೆ ಸರಿಸುತ್ತೇವೆ.