ಈ ವಾರದ ಪ್ರಶ್ನೋತ್ತರ: ನಾಲ್ಕು ದಿನದ ಇಂಕಾ ಟ್ರೇಲ್

ಈ ವಾರದ ವಿಷಯ ಪೆರುವಿನ ಇಂಕಾ ಟ್ರೇಲ್. ರೈಲು ಹಳಿಯ 82ನೇ ಕಿಲೋಮೀಟರ್ ಹತ್ತಿರದ ಪಿಸ್ಕಕುಚೊದಲ್ಲಿ ಶುರುವಾಗಿ ಇಂಕಾ ಸಾಮ್ರಾಜ್ಯದ ಹಳೆಯ ಊರು ಮಾಚು ಪಿಚ್ಚುವಿನಲ್ಲಿ ಮುಗಿಯುವ ಸುಮಾರು 42 ಕಿ.ಮೀ. ಕಾಲುದಾರಿ. ನಾಲ್ಕು ಹಗಲು, ಮೂರು ರಾತ್ರಿ. ದಾರಿಯ ಪ್ರಶ್ನೆಗಳಿಗೆ ಆಂಡಿಸ್ ಚಾರಣ ನಡೆಸುವ ಮಾರ್ಗದರ್ಶಕರೂ ಆರೋಗ್ಯದ ಪ್ರಶ್ನೆಗಳಿಗೆ ಎತ್ತರ ಪ್ರದೇಶದ ಕಾಯಿಲೆಗಳನ್ನು ಬಲ್ಲ ವೈದ್ಯೆಯೂ ಉತ್ತರಿಸಿದ್ದಾರೆ.

ಪ್ರಶ್ನೆ (ಬೆಂಗಳೂರು): ನಾವು ಐದು ಜನ, ಜೂನ್‌ನಲ್ಲಿ ಹೋಗಬೇಕು ಅಂತಿದ್ದೇವೆ. ಎಲ್ಲರಿಗೂ ಚಾರಣದ ಅಭ್ಯಾಸ ಇದೆ. ಅಲ್ಲಿಗೆ ಹೋಗಿ ಪರ್ಮಿಟ್ ತೆಗೆದುಕೊಂಡು ನಾವೇ ನಡೆದರೆ ಆಗಲ್ವಾ?

ಮಾರ್ಗದರ್ಶಕ: ಆಗೋದಿಲ್ಲ. ಪರವಾನಗಿ ಇರುವ ಸಂಸ್ಥೆಯ ಮೂಲಕ, ಗೈಡ್ ಜೊತೆಗೇ ಹೋಗಬೇಕು. ದಿನಕ್ಕೆ 500 ಜನರಿಗೆ ಮಾತ್ರ ಪ್ರವೇಶ. ಆ ಲೆಕ್ಕದಲ್ಲಿ ಗೈಡ್, ಅಡುಗೆಯವರು, ಪೋರ್ಟರ್‌ಗಳೂ ಸೇರುವುದರಿಂದ ಪ್ರವಾಸಿಗಳಿಗೆ ಉಳಿಯುವುದು ಸುಮಾರು 200. ಜೂನ್ ಅಂದರೆ ಮಳೆಯಿಲ್ಲದ ಕಾಲ, ಎಲ್ಲರೂ ಮುಗಿಬೀಳುವ ಸಮಯ. ಆರು ತಿಂಗಳು ಮೊದಲೇ ಪರ್ಮಿಟ್ ಕೈಗೆ ಬರದಿದ್ದರೆ ಆ ತಿಂಗಳ ಆಸೆ ಬಿಡುವುದು ಒಳ್ಳೆಯದು. ಹತ್ತಿರದ ದೊಡ್ಡ ಊರು ಕುಸ್ಕೋಗೆ ಹೋಗಿ ಅಲ್ಲಿ ವಿಚಾರಿಸೋಣ ಅನ್ನುವ ಮಾತೇ ಇಲ್ಲ.

ಪರ್ಮಿಟ್ ಬರುವುದು ವ್ಯಕ್ತಿಯ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆಗೆ. ಇನ್ನೊಬ್ಬರಿಗೆ ಕೊಡಲು, ದಿನ ಬದಲಿಸಲು ಬರುವುದಿಲ್ಲ. ಐದು ಜನರಲ್ಲಿ ಒಬ್ಬರು ಬರಲಾಗದಿದ್ದರೆ ಆ ಜಾಗ ಹೋಯಿತು ಅಂತಲೇ ಲೆಕ್ಕ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲವೇ ಇನಿಷಿಯಲ್ ಬಿಡಿಸಿ ತಂದೆಯ ಹೆಸರು, ಊರಿನ ಹೆಸರು ಬರೆದಿರುತ್ತದೆ. ಬುಕಿಂಗ್ ಫಾರಂ ಎರಡು ಹೆಸರು ಕೇಳುತ್ತದೆ ಅಂತ ಏನೋ ಒಂದು ತುಂಬಿಸಬೇಡಿ. ಪಾಸ್‌ಪೋರ್ಟಿನ ಸ್ಕ್ಯಾನ್ ಕಳಿಸಿ, ಇದರಲ್ಲಿ ಇರುವ ಹಾಗೇ ಹಾಕಿ ಅಂತ ಬರೆದು ತಿಳಿಸಿ, ಪರ್ಮಿಟ್ ಪ್ರತಿ ಬಂದ ತಕ್ಷಣ ಅಕ್ಷರ ಅಕ್ಷರ ತಾಳೆ ನೋಡಿ. ಮೊದಲ ಚೆಕ್‌ಪೋಸ್ಟಿನಲ್ಲೇ ಮೂಲ ಪಾಸ್‌ಪೋರ್ಟ್ ಕೇಳುತ್ತಾರೆ. ನಡುವೆ ಪಾಸ್‌ಪೋರ್ಟ್ ನವೀಕರಿಸಿದರೆ ಕೂಡಲೇ ಸಂಸ್ಥೆಗೆ ತಿಳಿಸಿ, ಹಳೆಯದನ್ನೂ ಜೊತೆಗೇ ಒಯ್ಯಿರಿ.

ಅದೇ ಪ್ರಶ್ನೆಗೆ (ಧಾರವಾಡ): ಪರ್ಮಿಟ್ ಸಿಗಲಿಲ್ಲ ಅಂದ್ರ ಬ್ಯಾರೆ ದಾರಿ ಇಲ್ಲೇನ್ರಿ?

ಮಾರ್ಗದರ್ಶಕ: ಇವೆ. 104ನೇ ಕಿಲೋಮೀಟರಿನಲ್ಲಿ ರೈಲು ಇಳಿದು ನಡೆಯುವ ಎರಡು ದಿನದ ದಾರಿಗೂ ಪರ್ಮಿಟ್ ಬೇಕು, ಆದರೆ ಸಿಗುವ ಸಾಧ್ಯತೆ ಹೆಚ್ಚು. ವಿಞಾಯ್ ವಾಯ್ನಾ ಎಂಬ ಇಂಕಾ ಅವಶೇಷ, ಮಾಚು ಪಿಚ್ಚುವಿನ ‘ಸೂರ್ಯದ್ವಾರ’ ಇಂತಿ ಪುಂಕು ಎರಡೂ ಈ ದಾರಿಯಲ್ಲೇ ಸಿಗುತ್ತವೆ. ಸಾಲ್ಕಾಂತಾಯ್ ಚಾರಣಕ್ಕೆ ಇಂಥ ಪರ್ಮಿಟ್ ಮಿತಿ ಇಲ್ಲ. ಅದು ಸುಮಾರು 4,600 ಮೀಟರ್ ಏರುವ ದಾರಿ, ಹಿಮಪರ್ವತದ ನೋಟ ಅದ್ಭುತ, ಆದರೆ ನಡುವೆ ಇಂಕಾ ಅವಶೇಷಗಳು ಕಡಿಮೆ. ಮಾಚು ಪಿಚ್ಚು ಟಿಕೆಟ್ ಬೇರೆ ತೆಗೆಯಬೇಕು. ಅವಶೇಷವೇ ಮುಖ್ಯ, ಜನಜಂಗುಳಿ ಬೇಡ ಅನ್ನುವವರಿಗೆ ನಾನು ಹೇಳುವುದು ಚೋಕೆಕಿರಾವ್ ಎಂಬ ಇನ್ನೊಂದು ಇಂಕಾ ಊರಿನ ಅವಶೇಷ. ಅಪುರಿಮಾಕ್ ನದಿಯವರೆಗೆ ಇಳಿದು ಮತ್ತೆ ಸುಮಾರು 1,500 ಮೀಟರ್ ಹತ್ತಬೇಕು, ಇಂಕಾ ಟ್ರೇಲ್‌ಗಿಂತ ಕಠಿಣ.

ಪ್ರಶ್ನೆ (ಮೈಸೂರು): ನನಗೆ 44. ಎರಡನೇ ದಿನದ 4,215 ಮೀಟರ್ ವಾರ್ಮಿವಾಞುಸ್ಕ ಪಾಸ್ (ಬೆಟ್ಟಸಾಲು ದಾಟುವ ಜಾಗ) ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಹೇಗೆ ತಯಾರಾಗಬೇಕು?

ಮಾರ್ಗದರ್ಶಕ: ಎರಡನೇ ದಿನ ಕಷ್ಟ, ನಿಜ. ಮೊದಲ ರಾತ್ರಿ ತಂಗುವ ವಾಯ್ಯಬಂಬದ 3,000 ಮೀಟರಿನಿಂದ ಒಂದೇ ಸಮ ಏರು. ಆದರೆ ಏರಿನಲ್ಲಿ ಕಳೆದುಕೊಳ್ಳುವುದು ಉಸಿರು ಮಾತ್ರ, ನಿಂತರೆ ಅದು ಮರಳುತ್ತದೆ. ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡುತ್ತಾ ನಡೆಯಲಾಗುವಷ್ಟು ನಿಧಾನ ಹೋದರೆ ಐದಾರು ಗಂಟೆಯಲ್ಲಿ ಪಾಸ್ ಮೇಲಿರುತ್ತೀರಿ. ಬೇಗ ಬೇಗ ಹತ್ತಿ ಕೂತು, ಮತ್ತೆ ಬೇಗ ಹತ್ತುವವರೇ ಸೋಲುವುದು.

ಜನರನ್ನು ನಿಜವಾಗಿ ಕೆಡವುವುದು ಇಳಿಜಾರು. ಪಾಸ್ ದಾಟಿದ ಕೂಡಲೇ ಎರಡನೇ ರಾತ್ರಿಯ ಶಿಬಿರ ಪಕಾಯ್‌ಮಾಯೊವರೆಗೆ 600 ಮೀಟರ್ ಕಲ್ಲುಮೆಟ್ಟಿಲು. ಮೂರನೇ ದಿನ ಫುಯುಪಾತಾಮಾರ್ಕಾದಿಂದ ವಿಞಾಯ್ ವಾಯ್ನಾ ಶಿಬಿರದವರೆಗೆ ಒಂದೇ ಮಧ್ಯಾಹ್ನ ಸುಮಾರು 1,000 ಮೀಟರ್ ಇಳಿಯಬೇಕು. ಮೆಟ್ಟಿಲುಗಳು ಒಂದು ಗೇಣು, ಮುಂದಿನದು ಮೊಳಕಾಲೆತ್ತರ, ಹೀಗೆ ಲೆಕ್ಕವಿಲ್ಲದ ಅಳತೆ. ಮೋಡದ ಕಾಡಾದ್ದರಿಂದ ಕಲ್ಲು ಸದಾ ಒದ್ದೆ. ಎರಡು ದಿನ ದಣಿದ ತೊಡೆಯ ಸ್ನಾಯು ತಡೆ ಹಾಕುವುದನ್ನು ಬಿಟ್ಟಾಗ ಅಷ್ಟೂ ಭಾರ ಮಂಡಿಗೆ ಬೀಳುತ್ತದೆ.

ನಿಮ್ಮ ಊರಲ್ಲೇ ಚಾಮುಂಡಿ ಬೆಟ್ಟದ 1,008 ಮೆಟ್ಟಿಲಿದೆಯಲ್ಲ. ಎಲ್ಲರೂ ಹತ್ತಿ ಬಸ್ಸಿನಲ್ಲಿ ಇಳಿಯುತ್ತಾರೆ, ನೀವು ಹಾಗೆ ಮಾಡಬೇಡಿ. ಮೂರನೇ ದಿನದ ಇಳಿತವೆಂದರೆ ಆ ಬೆಟ್ಟವನ್ನು ಮೂರಕ್ಕೂ ಹೆಚ್ಚು ಸಲ ಬೆನ್ನುಬೆನ್ನಿಗೆ ಇಳಿದ ಹಾಗೆ. ಮೂರು ತಿಂಗಳು ಮೊದಲಿಂದ ವಾರಕ್ಕೆ ಎರಡು ದಿನ ಮೆಟ್ಟಿಲಲ್ಲೇ ಹತ್ತಿ ಮೆಟ್ಟಿಲಲ್ಲೇ ಇಳಿಯಿರಿ. ಬೆನ್ನಿಗೆ ಆರು ಕೆಜಿ ಚೀಲ ಇರಲಿ. ಕೊನೆಯ ತಿಂಗಳಲ್ಲಿ ಒಂದೇ ಬೆಳಿಗ್ಗೆ ಎರಡು ಸಲ. ಒಮ್ಮೆ ಕುಮಾರ ಪರ್ವತ ಮಾಡಿದರೆ ಇನ್ನೂ ಒಳ್ಳೆಯದು. ಕುಕ್ಕೆಯಿಂದ ಅದರ ಏರು ವಾರ್ಮಿವಾಞುಸ್ಕದ ಏರಿಗಿಂತ ಹೆಚ್ಚೇ.

ವಾಕಿಂಗ್ ಪೋಲ್ ಎರಡು ಬೇಕು, ಒಂದಲ್ಲ. ಇಳಿಯುವಾಗ ಐದರಿಂದ ಹತ್ತು ಸೆಂಟಿಮೀಟರ್ ಉದ್ದ ಮಾಡಿಕೊಂಡು, ಮೊದಲು ಎರಡೂ ಕೋಲು ಕೆಳಮೆಟ್ಟಿಲಿಗೆ ಊರಿ ಆಮೇಲೆ ಕಾಲಿಡಿ. ತುದಿಗೆ ರಬ್ಬರ್ ಟೋಪಿ ಕಡ್ಡಾಯ, ಬರೀ ಲೋಹದ ಮೊನೆ ಕಲ್ಲನ್ನು ಕೆರೆಯುತ್ತದೆ ಎಂದು ಬಿಡುವುದಿಲ್ಲ. ಆ ಟೋಪಿ ಕೆಸರಿನಲ್ಲಿ ಕಳಚಿ ಹೋಗುತ್ತದೆ, ಇನ್ನೊಂದು ಜೊತೆ ಇಟ್ಟುಕೊಳ್ಳಿ. ಹೊರಡುವ ನಾಲ್ಕು ದಿನ ಮೊದಲು ಕಾಲುಗುರು ನೇರ ಕತ್ತರಿಸಿ. ಇಳಿಜಾರಿನಲ್ಲಿ ಬೆರಳು ಶೂ ತುದಿಗೆ ಬಡಿದು ಉಗುರು ಕಪ್ಪಾಗುವುದು ಸಾಮಾನ್ಯ. ಇಳಿಯುವ ಮೊದಲು ಹಿಮ್ಮಡಿ ಹಿಂದಕ್ಕೆ ಒತ್ತಿ, ಕಣಕಾಲಿನ ಬಳಿ ಲೇಸ್ ಬಿಗಿ ಮಾಡಿ.

ಪ್ರಶ್ನೆ (ಮೈಸೂರು, ಮುಂದುವರಿಕೆ): ಎತ್ತರಕ್ಕೂ ಇಲ್ಲೇ ಅಭ್ಯಾಸ ಮಾಡಬಹುದಾ?

ವೈದ್ಯೆ: ಇಲ್ಲ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಎಷ್ಟು ಗಟ್ಟಿಮುಟ್ಟಾಗಿದ್ದರೂ ಎತ್ತರದ ಕಾಯಿಲೆಯಿಂದ ವಿನಾಯಿತಿ ಇಲ್ಲ. ದೇಹ ಅಲ್ಲಿಯೇ, ದಿನ ಕಳೆದೇ ಒಗ್ಗಬೇಕು.

ಅಪಾಯದ ಜಾಗ ಟ್ರೇಲ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ದೊಡ್ಡ ಜಿಗಿತ ವಿಮಾನದಲ್ಲೇ ಆಗಿಬಿಡುತ್ತದೆ. ಲಿಮಾ ಸಮುದ್ರದಂಡೆಯ ಊರು, ಕುಸ್ಕೋ 3,400 ಮೀಟರ್, ನಡುವೆ ಒಂದೂ ಚಿಲ್ಲರೆ ಗಂಟೆಯ ಹಾರಾಟ. ಟ್ರೇಲಿನಲ್ಲಿ ಮಲಗುವ ಜಾಗಗಳು ಸುಮಾರು 3,000, 3,600, 2,650 ಮೀಟರ್. 4,215ಕ್ಕೆ ಏರಿದರೂ ಅಂದೇ ಇಳಿದು ಮಲಗುತ್ತೀರಿ. ಹಾಗಾಗಿ ಕುಸ್ಕೋದಲ್ಲಿ ಇಳಿದ ದಿನವೇ ಟ್ಯಾಕ್ಸಿ ಹಿಡಿದು ಒಯ್ಯಾಂತಾಯ್‌ತಾಂಬೊಗೆ ಹೋಗಿ, ಅದು ಸುಮಾರು 2,800 ಮೀಟರ್. ಎರಡು ರಾತ್ರಿ ಅಲ್ಲಿ, ಆಮೇಲೆ ಒಂದು ರಾತ್ರಿ ಕುಸ್ಕೋದಲ್ಲಿ, ನಂತರ ಚಾರಣ. ರಜೆ ಕಡಿಮೆ ಇದ್ದರೆ ಬೇರೆ ಏನನ್ನಾದರೂ ಕತ್ತರಿಸಿ, ಈ ಮೂರು ರಾತ್ರಿಗಳನ್ನಲ್ಲ.

ಎತ್ತರದ ಕಾಯಿಲೆ ತಡೆಯುವ ಮಾತ್ರೆ ಅಸೆಟಜೋಲಮೈಡ್ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಸಾಮಾನ್ಯವಾಗಿ ತಡೆಗೆ ಕೊಡುವುದು 125 ಮಿ.ಗ್ರಾಂ, ದಿನಕ್ಕೆ ಎರಡು ಸಲ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಬೆರಳು ಜುಮುಗುಟ್ಟುವುದು, ಮೂತ್ರ ಹೆಚ್ಚಾಗುವುದು ಈ ಮಾತ್ರೆಯ ಗುಣ, ಗಾಬರಿ ಬೇಡ. ಮೊದಲ ಡೋಸ್ ಊರಲ್ಲೇ ಒಂದೆರಡು ದಿನ ತೆಗೆದುಕೊಂಡು ನೋಡಿದರೆ ಮೈಗೆ ಒಗ್ಗುತ್ತದೋ ಇಲ್ಲವೋ ಗೊತ್ತಾಗುತ್ತದೆ.

ತಲೆನೋವಿನ ಜೊತೆ ವಾಕರಿಕೆ, ವಿಪರೀತ ಸುಸ್ತು ಬಂದರೆ ಅಲ್ಲಿಂದ ಮೇಲೆ ಹೋಗಬೇಡಿ. ಸಂಶಯ ಇದ್ದರೆ ನೆಲದ ಮೇಲೆ ಒಂದು ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಸಿ. ತೂರಾಡಿದರೆ ಮಿದುಳು ಊದುತ್ತಿದೆ ಎಂದೇ ತಿಳಿಯಬೇಕು. ಕೂತಾಗಲೂ ಏದುಸಿರು ಬರುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಎರಡಕ್ಕೂ ಮದ್ದು ಒಂದೇ: ರಾತ್ರಿಯೇ ಆಗಿರಲಿ, ಕೂಡಲೇ ಕೆಳಗಿಳಿಸುವುದು. ಆಕ್ಸಿಜನ್ ಸಿಲಿಂಡರ್ ಇಳಿಸುವ ಹೊತ್ತಿಗೆ ಆಸರೆ ಮಾತ್ರ.

ಮಾರ್ಗದರ್ಶಕ: ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಹಿಂದಿರುಗುವ ನಿರ್ಧಾರ ಪಾಸ್‌ಗೆ ಮೊದಲೇ ಆಗಬೇಕು. ಅಲ್ಲಿವರೆಗೆ ಬಂದ ದಾರಿಯಲ್ಲೇ ಇಳಿದು ರಸ್ತೆ ಸೇರಬಹುದು. ದಾಟಿದ ಮೇಲೆ ಹಿಂದಕ್ಕೆ ಬರಲು ಅದೇ 4,215 ಮೀಟರನ್ನು ಮತ್ತೆ ಹತ್ತಬೇಕಾಗುತ್ತದೆ. ರಾತ್ರಿಯ ತಲೆನೋವನ್ನು ಗೈಡ್‌ನಿಂದ ಮುಚ್ಚಿಡುವವರು ಇದನ್ನು ಯೋಚಿಸಬೇಕು.

ಪ್ರಶ್ನೆ (ಶಿವಮೊಗ್ಗ): ತಂದೆಗೆ 61, ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ. ಬರಬಹುದಾ?

ವೈದ್ಯೆ: ವಯಸ್ಸು ಅಡ್ಡಿಯಲ್ಲ. ಹೃದಯ, ಮೂತ್ರಪಿಂಡ ಎರಡನ್ನೂ ಪರೀಕ್ಷಿಸಿಕೊಂಡು ಬರಲಿ. ದಿನಕ್ಕೆ ಏಳೆಂಟು ಗಂಟೆ ನಡೆದಾಗ ಗ್ಲಿಮೆಪಿರೈಡ್ ಸಕ್ಕರೆಯನ್ನು ತೀರಾ ಇಳಿಸಬಹುದು, ಡೋಸ್ ಬದಲಾವಣೆ ವೈದ್ಯರಿಂದ ಬರೆಸಿಕೊಳ್ಳಿ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಅಸೆಟಜೋಲಮೈಡ್ ಸೇರಿಸುವಾಗ ಎಚ್ಚರ ಬೇಕು, ಅದನ್ನೂ ಕೇಳಿ. ಗ್ಲುಕೋಮೀಟರ್ ಮತ್ತು ಪಟ್ಟಿಗಳನ್ನು ಒಳಜೇಬಿನಲ್ಲಿ ಇಡಿ, ಚಳಿಗೆ ಅವು ತಪ್ಪು ಅಂಕಿ ತೋರಿಸುತ್ತವೆ ಅಥವಾ ಕೆಲಸವೇ ಮಾಡುವುದಿಲ್ಲ. ಗ್ಲುಕೋಸ್ ಜೇಬಿನಲ್ಲೇ ಇರಲಿ, ಪೋರ್ಟರ್ ಹೊತ್ತ ಚೀಲದಲ್ಲಿ ಬೇಡ.

ಪ್ರಶ್ನೆ (ಉಡುಪಿ): ಶುದ್ಧ ಸಸ್ಯಾಹಾರಿಗಳು ನಾವು. ಊಟ?

ಮಾರ್ಗದರ್ಶಕ: ಹಸಿವಿನಲ್ಲಿ ಇರುವುದಿಲ್ಲ. ಕಿನೋವಾ ಸೂಪ್, ಅನ್ನ, ಆಲೂಗಡ್ಡೆ, ಹುರುಳಿಕಾಯಿ, ಮೊಟ್ಟೆ ತಿನ್ನುವವರಿಗೆ ಆಮ್ಲೆಟ್. ಎಡವಟ್ಟಾಗುವುದು ಸೂಪಿನಲ್ಲಿ. ‘ವೆಹೆತಾರಿಯಾನೊ’ ಅಂದರೆ ಮಾಂಸದ ತುಂಡು ತೆಗೆಯುತ್ತಾರೆ, ಆದರೆ ಕೋಳಿ ಸಾರಿನ ಕ್ಯೂಬ್ ಹಾಕಿರಬಹುದು. ಬುಕ್ ಮಾಡುವಾಗಲೇ ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಕಾಲ್ದೊ ದೆ ಪೊಯೊ’ (ಮಾಂಸ, ಕೋಳಿ, ಮೀನು, ಕೋಳಿ ಸಾರು ಬೇಡ) ಎಂದು ಬರೆದುಕೊಡಿ, ಮೊದಲ ದಿನ ಅಡುಗೆಯವರಿಗೆ ಮತ್ತೊಮ್ಮೆ ಹೇಳಿ. ಪಕಾಯ್‌ಮಾಯೊದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯಿಸಿ ಅಂತ ಒತ್ತಾಯಿಸಬೇಡಿ. ಚಟ್ನಿಪುಡಿ ಒಯ್ದರೆ ಸೀಲ್ ಮಾಡಿದ ಪ್ಯಾಕೆಟ್ ಇರಲಿ, ಕಸ್ಟಮ್ಸ್ ಫಾರಂನಲ್ಲಿ ಆಹಾರ ಇದೆ ಎಂದು ಘೋಷಿಸಿ. ಹಣ್ಣು, ಹಸಿ ಕಾಳು, ಬೀಜ ಬೇಡ.

ಪ್ರಶ್ನೆ (ಹಾಸನ): ಪೋರ್ಟರ್‌ಗೆ ಎಷ್ಟು ಸಾಮಾನು ಕೊಡಬಹುದು?

ಮಾರ್ಗದರ್ಶಕ: ಸಾಮಾನ್ಯವಾಗಿ ಒಬ್ಬರಿಗೆ ಏಳು ಕೆಜಿ. ಸ್ಲೀಪಿಂಗ್ ಬ್ಯಾಗ್, ಮ್ಯಾಟ್ ಸೇರಿಸಿಯೇ ಏಳು, ಬಟ್ಟೆಗೆ ಉಳಿಯುವುದು ನಾಲ್ಕರ ಆಸುಪಾಸು. ಈ ದಾರಿಯಲ್ಲಿ ಹೇಸರಗತ್ತೆ, ಕುದುರೆ ಬಿಡುವುದಿಲ್ಲ. ಟೆಂಟ್, ಗ್ಯಾಸ್, ಕುರ್ಚಿ, ನಿಮ್ಮ ಊಟ, ಎಲ್ಲವೂ ಮನುಷ್ಯರ ಬೆನ್ನ ಮೇಲೆ. ಪೆರುವಿನ ಕಾನೂನು ಒಬ್ಬ ಗಂಡಸಿಗೆ 20 ಕೆಜಿ, ಹೆಂಗಸಿಗೆ 15 ಕೆಜಿ ಮಿತಿ ಹಾಕಿದೆ. 82ನೇ ಕಿಲೋಮೀಟರಿನಲ್ಲಿ ತಕ್ಕಡಿ ಇಟ್ಟು ತೂಗುತ್ತಾರೆ. ತಕ್ಕಡಿ ದಾಟುವವರೆಗೆ ಸಾಮಾನು ಹಂಚಿ ಆಮೇಲೆ ಒಬ್ಬರ ಮೇಲೆ ಹೇರುವ ಸಂಸ್ಥೆಗಳೂ ಇವೆ. ಬುಕ್ ಮಾಡುವ ಮೊದಲು ಕೇಳಿ: ನಮ್ಮ ಗುಂಪಿಗೆ ಎಷ್ಟು ಪೋರ್ಟರ್, ಅವರಿಗೆ ದಿನಗೂಲಿ ಎಷ್ಟು, ಮಲಗಲು ನೆಲಹಾಸಿರುವ ಟೆಂಟ್ ಇದೆಯಾ, ವಿಮೆ ಇದೆಯಾ. ನೇರ ಉತ್ತರ ಕೊಡದ ಸಂಸ್ಥೆಗೆ ಹಣ ಕೊಡಬೇಡಿ. ತೀರಾ ಅಗ್ಗದ ದರ ಕಂಡರೆ ಆ ಉಳಿತಾಯ ಯಾರ ಕೂಲಿಯಿಂದ ಬಂತು ಎಂದು ಯೋಚಿಸಿ.

ಟಿಪ್ಸ್‌ಗೆ ಪೆರುವಿನ ಹಣದ 10, 20 ಸೋಲ್ ನೋಟುಗಳನ್ನು ಕುಸ್ಕೋದಲ್ಲೇ ಮಾಡಿಸಿಕೊಳ್ಳಿ. ಮೂರನೇ ರಾತ್ರಿಯೇ ಪ್ರತಿಯೊಬ್ಬರ ಕೈಗೆ ಕೊಡಿ. ಕೊನೆಯ ಬೆಳಿಗ್ಗೆ ಅವರು ಬೇಗನೆ ರೈಲು ಹಿಡಿಯಲು ಇಳಿದುಬಿಡುತ್ತಾರೆ. ನಿಮ್ಮನ್ನು ಮೂರೂವರೆಗೆ ಎಬ್ಬಿಸುವುದಕ್ಕೂ ಅದೇ ಕಾರಣ, ಚೆಕ್‌ಪೋಸ್ಟ್ ತೆರೆಯುವುದು ಐದೂವರೆಗೆ.

ಪ್ರಶ್ನೆ (ಹೊಸಪೇಟೆ): ಹಂಪಿ ನೋಡುತ್ತಾ ಬೆಳೆದವರು ನಾವು. ದಾರಿಯಲ್ಲಿ ಯಾವ ಅವಶೇಷಕ್ಕೆ ಹೆಚ್ಚು ಹೊತ್ತು ಇಡಬೇಕು?

ಮಾರ್ಗದರ್ಶಕ: ಒಳ್ಳೆಯ ಪ್ರಶ್ನೆ. ಮಾಚು ಪಿಚ್ಚು ಕಟ್ಟಿದ್ದು 15ನೇ ಶತಮಾನದ ನಡುವೆ, ಇಂಕಾ ದೊರೆ ಪಚಕುಟಿಯ ಕಾಲದಲ್ಲಿ. ಹಂಪಿಯಲ್ಲಿ ಸಂಗಮ ವಂಶ ಆಳುತ್ತಿದ್ದ ಕಾಲ ಅದು. ಇಂಕಾಗಳ ಬಳಿ ಕಬ್ಬಿಣದ ಉಳಿ ಇರಲಿಲ್ಲ. ಗಟ್ಟಿ ಕಲ್ಲಿನಿಂದ ಕುಟ್ಟಿ, ಉಜ್ಜಿ, ಗಾರೆಯಿಲ್ಲದೆ ಕೂರಿಸಿದ್ದಾರೆ.

ಸಾಯಕ್‌ಮಾರ್ಕಾವನ್ನು ಬಿಡಬೇಡಿ. ಮುಖ್ಯ ದಾರಿಯಿಂದ ಕಡಿದಾದ ಮೆಟ್ಟಿಲು ಹತ್ತಬೇಕು ಎಂದು ಮೂರನೇ ದಿನ ಅರ್ಧ ಗುಂಪು ಕೆಳಗೇ ಕೂರುತ್ತದೆ. ಮೂರು ಕಡೆ ಕಣಿವೆಗೆ ಬಿದ್ದಿರುವ ಬಂಡೆಯ ಅಂಚಿಗೆ ಸರಿಯಾಗಿ ಗೋಡೆಗಳು ಬಾಗಿರುವುದನ್ನು ಅಲ್ಲಿ ನೋಡಬೇಕು. ವಿಞಾಯ್ ವಾಯ್ನಾ ಶಿಬಿರದಿಂದ ಹತ್ತೇ ನಿಮಿಷ, ಬೆಳಕಿರುವಾಗ ತಲುಪಿ. ಬೆಟ್ಟದ ಬಾಗಿಗೆ ಕೂತ ಮೆಟ್ಟಿಲುಗದ್ದೆಗಳ ಪಕ್ಕದಲ್ಲಿ ಸಾಲಾಗಿ ನೀರಿನ ಕಲ್ಲುತೊಟ್ಟಿಗಳಿವೆ.

ಆ ಗದ್ದೆಗಳ ಕಟ್ಟೆಯನ್ನು ಗಮನವಿಟ್ಟು ನೋಡಿ, ಗೋಡೆ ಒಳಕ್ಕೆ ತುಸು ವಾಲಿರುತ್ತದೆ. ಮಾಚು ಪಿಚ್ಚುವಿನಲ್ಲಿ ಅಗೆದು ನೋಡಿದಾಗ ಇಂಥ ಕಟ್ಟೆಯ ಹಿಂದೆ ತಳದಲ್ಲಿ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳುಮಿಶ್ರಿತ ಮಣ್ಣು, ಕೊನೆಗೆ ಫಲವತ್ತಾದ ಮಣ್ಣು ಸಿಕ್ಕಿತು. ವರ್ಷಕ್ಕೆ ಸುಮಾರು 2,000 ಮಿ.ಮೀ. ಮಳೆ ಬೀಳುವ ಇಳಿಜಾರು ಕುಸಿಯದೆ ನಿಂತಿರುವುದು ಈ ಬಸಿಗಾಲುವೆಯಂಥ ಪದರಗಳಿಂದ.

ಇಂತಿ ಪುಂಕುವಿನಲ್ಲಿ ಸೂರ್ಯೋದಯ ಸಿಕ್ಕೇ ಸಿಗುತ್ತದೆ ಎಂದು ಯಾರೂ ಭರವಸೆ ಕೊಡಲಾಗದು, ಮಂಜು ಮುಚ್ಚಿರುವ ಬೆಳಗುಗಳೇ ಬಹಳ. ಅಲ್ಲಿ ಅರ್ಧ ಗಂಟೆ ಕಾದರೆ ಕೆಲವೊಮ್ಮೆ ತೆರೆಯುತ್ತದೆ. ಮಾಚು ಪಿಚ್ಚು ಪಕ್ಕದ ಶಿಖರ ಹುವಾಯ್ನಾ ಪಿಚ್ಚು ಹತ್ತಬೇಕೆಂದರೆ ಬೇರೆ ಟಿಕೆಟ್ ಬೇಕು. ಮಾಚು ಪಿಚ್ಚುವಿನಲ್ಲಿ ಶೌಚಾಲಯ ಪ್ರವೇಶದ್ವಾರದ ಹೊರಗೆ ಮಾತ್ರ ಇದೆ, ಒಳಹೋಗುವ ಮೊದಲೇ ಮುಗಿಸಿಕೊಳ್ಳಿ.

ಪ್ರಶ್ನೆ (ಮಂಗಳೂರು): ಫೆಬ್ರವರಿಯಲ್ಲಿ ರಜೆ ಇದೆ. ಹೋಗಬಹುದಾ?

ಮಾರ್ಗದರ್ಶಕ: ಫೆಬ್ರವರಿ ಪೂರ್ತಿ ಟ್ರೇಲ್ ದುರಸ್ತಿಗೆ ಮುಚ್ಚಿರುತ್ತದೆ. ಮಾಚು ಪಿಚ್ಚು ತೆರೆದಿರುತ್ತದೆ, ರೈಲಿನಲ್ಲಿ ಹೋಗಬಹುದು. ನಡೆಯಲೇಬೇಕೆಂದರೆ ಏಪ್ರಿಲ್ ಕೊನೆ ಅಥವಾ ಸೆಪ್ಟೆಂಬರ್ ನೋಡಿ.

ಪ್ರಶ್ನೆ (ಬೆಳಗಾವಿ): ವೀಸಾ, ಲಸಿಕೆ ಏನೇನು ಬೇಕು? ಕೋಕಾ ಎಲೆ ತಿನ್ನಬಹುದಾ?

ಮಾರ್ಗದರ್ಶಕ: ಭಾರತೀಯರಿಗೆ ಪೆರು ವೀಸಾ ಬೇಕು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಯುರೋಪಿನ ಷೆಂಗೆನ್ ವೀಸಾ ಕನಿಷ್ಠ ಆರು ತಿಂಗಳು ಚಾಲ್ತಿ ಇದ್ದರೆ ವಿನಾಯಿತಿ ಇದೆ. ನಿಯಮ ಬದಲಾಗಬಹುದು, ವಿಮಾನ ಟಿಕೆಟ್ ಮೊದಲು ದೆಹಲಿಯ ಪೆರು ರಾಯಭಾರ ಕಚೇರಿಯ ಪ್ರಕಟಣೆ ನೋಡಿ.

ವೈದ್ಯೆ: ಹಳದಿ ಜ್ವರದ ಲಸಿಕೆ ವಿಷಯದಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಕುಸ್ಕೋ, ಮಾಚು ಪಿಚ್ಚುವಿನ ಎತ್ತರದಲ್ಲಿ ಆ ಜ್ವರದ ಭಯವಿಲ್ಲ, ಆದ್ದರಿಂದ ಅಲ್ಲಿ ಯಾರೂ ಕೇಳದಿರಬಹುದು. ಕೇಳುವುದು ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲಿ. ಪೆರು ಭಾರತದ ಹಳದಿ ಜ್ವರದ ಪಟ್ಟಿಯಲ್ಲಿದೆ. ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಅದು ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರದ ಅನುಮೋದಿತ ಕೇಂದ್ರದಲ್ಲೇ ಹಾಕಿಸಿ. ಶಿವಮೊಗ್ಗದವರ ತಂದೆಯಂತೆ 60 ದಾಟಿದವರಿಗೆ ಈ ಲಸಿಕೆಯಲ್ಲಿ ಅಡ್ಡಪರಿಣಾಮದ ಅಪಾಯ ಸ್ವಲ್ಪ ಹೆಚ್ಚು, ಮೊದಲೇ ವೈದ್ಯರ ಜೊತೆ ಮಾತಾಡಿ.

ಕೋಕಾ ಎಲೆ, ಕೋಕಾ ಚಹಾ ಪೆರುವಿನಲ್ಲಿ ಕಾನೂನುಬದ್ಧ. ದಾರಿಯಲ್ಲಿ ಎಲ್ಲರೂ ಕೊಡುತ್ತಾರೆ, ಎತ್ತರದ ಕಾಯಿಲೆಗೆ ಅದು ಮಾತ್ರೆಗೆ ಬದಲಿ ಅಲ್ಲ. ಕೆಲಸದ ಜಾಗದಲ್ಲಿ ಮೂತ್ರಪರೀಕ್ಷೆ ಇರುವವರು ಮುಟ್ಟದಿರುವುದು ಕ್ಷೇಮ, ಕೊಕೇನ್ ಎಂದೇ ಫಲಿತಾಂಶ ಬರುತ್ತದೆ. ಟೀ ಬ್ಯಾಗ್ ರೂಪದಲ್ಲಿದ್ದರೂ ಊರಿಗೆ ತರಬೇಡಿ, ಭಾರತದಲ್ಲಿ ಕೋಕಾ ಎಲೆ ಮಾದಕದ್ರವ್ಯ ಕಾಯ್ದೆಯಡಿ ಬರುತ್ತದೆ. ಕುಸ್ಕೋದಿಂದ ಹೊರಡುವ ಮೊದಲು ಚೀಲದ ಎಲ್ಲ ಜೇಬುಗಳನ್ನೂ ಕೊಡವಿ ನೋಡಿ.