ಸಹಾಯ ಬೇಕು: ಕಠ್ಮಂಡುವಿನ ಬೀದಿನಾಯಿ ಆಶ್ರಯಕ್ಕೆ ಪಶುವೈದ್ಯರು, ಆರೈಕೆ ಮಾಡುವವರು

ಎಲ್ಲರಿಗೂ ನಮಸ್ಕಾರ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಒಟ್ಟಿಗೆ ಓದಿದ ನಾವು ಕೆಲವರು ಜನವರಿಯಲ್ಲಿ ಕಠ್ಮಂಡುವಿನ ಬೀದಿನಾಯಿ ಆಶ್ರಯವೊಂದಕ್ಕೆ ಸ್ವಯಂಸೇವಕರಾಗಿ ಹೊರಟಿದ್ದೇವೆ. ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆ, ಗಾಯಗಳ ಆರೈಕೆ ನಮ್ಮ ಕೆಲಸ. ತಿಹಾರ್ ಹಬ್ಬದಲ್ಲಿ ನಾಯಿಗೆ ಹೂಮಾಲೆ ಹಾಕಿ, ಹಣೆಗೆ ತಿಲಕವಿಟ್ಟು ಪೂಜಿಸುವ ಊರು ಅದು. ಉಳಿದ ದಿನಗಳಲ್ಲೂ ಆ ಜೀವಗಳಿಗೆ ಮದ್ದು ಸಿಗಬೇಕೆಂಬುದು ನಮ್ಮ ಆಸೆ.

ಮೊದಲು ಬೇಕಿರುವುದು ಹೆಣ್ಣುನಾಯಿಗಳ ಶಸ್ತ್ರಚಿಕಿತ್ಸೆಯಲ್ಲಿ ಕೈ ಪಳಗಿದ ಇನ್ನೊಬ್ಬ ವೈದ್ಯರು. ಹೊಸಬರೂ ಹಿಂಜರಿಯಬೇಡಿ. ಅಲ್ಲಿ ಜನವರಿಯ ರಾತ್ರಿ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಅರಿವಳಿಕೆಯಲ್ಲಿರುವ ನಾಯಿ ತನ್ನ ಮೈಬಿಸಿಯನ್ನು ಕಾಯ್ದುಕೊಳ್ಳಲಾರದು. ಹೊಲಿಗೆ ಎಷ್ಟೇ ಚೆನ್ನಾಗಿರಲಿ, ಚಳಿಯಿಂದಲೇ ಪ್ರಾಣ ಹೋಗಬಹುದು. ಪ್ರಜ್ಞೆ ಬರುವವರೆಗೆ ಪಕ್ಕದಲ್ಲಿ ಕುಳಿತು, ಬಿಸಿನೀರಿನ ಚೀಲ ಬದಲಿಸುತ್ತಾ, ಉಸಿರಾಟ ಗಮನಿಸುವವರು ಶಸ್ತ್ರವೈದ್ಯರಷ್ಟೇ ಮುಖ್ಯ. ಹಳೆಯ ಕಂಬಳಿ, ರಬ್ಬರಿನ ಬಿಸಿನೀರಿನ ಚೀಲ ಕೊಡುವವರಿದ್ದರೆ ಬೆಂಗಳೂರಿನಲ್ಲಿ ನಾವೇ ಬಂದು ಒಯ್ಯುತ್ತೇವೆ.

ಬರುವವರು ರೇಬೀಸ್ ಮುಂಜಾಗ್ರತಾ ಲಸಿಕೆಯನ್ನು ಈಗಲೇ ಹಾಕಿಸಿಕೊಳ್ಳಿ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2 ಡೋಸ್, ನಡುವೆ 7 ದಿನ. ಇದರಲ್ಲಿ ಯಾರಿಗೂ ವಿನಾಯಿತಿ ಇಲ್ಲ.

ಅರಿವಳಿಕೆಗೆ ಬಳಸುವ ಕೆಟಮಿನ್ ನಿಯಂತ್ರಿತ ಔಷಧವಾದ್ದರಿಂದ ಇಲ್ಲಿಂದ ಒಯ್ಯುತ್ತಿಲ್ಲ. ನೇಪಾಳದಲ್ಲಿ ವಿದೇಶಿ ಪಶುವೈದ್ಯರಾಗಿ ಕೆಲಸ ಮಾಡಿದವರಿದ್ದರೆ, ಅನುಮತಿಗೆ ಯಾವ ಕಾಗದಪತ್ರ ಕೇಳಿದರೆಂದು ದಯವಿಟ್ಟು ತಿಳಿಸಿ. ಪಶುಪತಿನಾಥನ ಪೂಜೆಗೆ ನಮ್ಮ ಕಡೆಯ ಭಟ್ಟರು ಹೋಗುವ ಊರಲ್ಲವೇ, ಅಲ್ಲಿ ನೆಲೆಸಿದ ಕನ್ನಡಿಗರು ಯಾರಾದರೂ ಒಂದೆರಡು ದಿನ ನೇಪಾಳಿ ಮಾತಿಗೆ ನೆರವಾಗುವಿರಾ?

ಊಟ, ವಸತಿ ಆಶ್ರಯದವರದು. ಪ್ರಯಾಣದ ಖರ್ಚು ಅವರವರದೇ. ಆಸಕ್ತರು ಇಲ್ಲೇ ಕೆಳಗೆ ಬರೆಯಿರಿ, ನಾನೇ ಸಂಪರ್ಕಿಸುತ್ತೇನೆ.